ಅನ್ನನಾಳ ತೆಗೆದ ಮೇಲೆ ಉಳಿದ ತುಂಡಿನ ಕಥೆ: ಒಂದು ಪ್ರಕರಣ ಅಧ್ಯಯನ

ರೋಗಿಗೆ 61 ವರ್ಷ. ಅನ್ನನಾಳದ ಕ್ಯಾನ್ಸರ್‌ಗೆ ಆಪರೇಷನ್ ಆಗಿ ನಾಲ್ಕು ವರ್ಷ ಕಳೆದಿತ್ತು. ಅವರು ಬಂದಿದ್ದು ಹೊಟ್ಟೆಯ ತೊಂದರೆ ಹೇಳಿಕೊಂಡಲ್ಲ, ಕೆಮ್ಮು ಹೇಳಿಕೊಂಡು. ನಡುರಾತ್ರಿ ಕಳೆದ ಮೇಲೆ ಕೆಮ್ಮು ಶುರುವಾಗುತ್ತಿತ್ತು. ಎದ್ದು ಕೂತರೆ ಅರ್ಧ ಗಂಟೆಯಲ್ಲಿ ತಗ್ಗುತ್ತಿತ್ತು. ಬೆಳಗ್ಗೆ ಎದ್ದಾಗ ದನಿ ಒಡೆದಿರುತ್ತಿತ್ತು. ಒಂದೇ ವರ್ಷದಲ್ಲಿ ಎರಡು ಸಲ ನ್ಯುಮೋನಿಯಾ ಆಗಿತ್ತು, ಎರಡೂ ಸಲ ಬಲ ಶ್ವಾಸಕೋಶದ ಕೆಳಭಾಗದಲ್ಲೇ. ಅಸ್ತಮಾ ಇರಬಹುದು ಎಂದು ಇನ್‌ಹೇಲರ್ ಕೊಟ್ಟಿದ್ದರು. ಅದರಿಂದ ಏನೂ ಆಗಿರಲಿಲ್ಲ.

ಇದರ ಜೊತೆಗೆ ಎರಡು ತಿಂಗಳಿಂದ ಗಟ್ಟಿ ಆಹಾರ ಗಂಟಲಿನ ಸ್ವಲ್ಪ ಕೆಳಗೆ ನಿಲ್ಲುತ್ತಿತ್ತು. ಹೀಗಾಗಿ ಮನೆಯವರಿಗೆಲ್ಲ ಒಂದೇ ಭಯ: ಕ್ಯಾನ್ಸರ್ ಮತ್ತೆ ಬಂತಾ? ಎದೆಯುರಿ ಇದೆಯಾ ಎಂದು ಕೇಳಿದರೆ ಅವರ ಉತ್ತರ ಸ್ಪಷ್ಟ. "ಆಪರೇಷನ್ ಆದಾಗಿನಿಂದ ಎದೆಯುರಿ ಅನ್ನೋದೇ ಇಲ್ಲ."

ಒಂದು ಮಾತು ಮೊದಲೇ ಹೇಳಿಬಿಡಬೇಕು. ಇಲ್ಲಿರುವವರು ಯಾರೋ ಒಬ್ಬ ನಿರ್ದಿಷ್ಟ ರೋಗಿಯಲ್ಲ. ಇಂಥ ಪ್ರಕರಣಗಳಲ್ಲಿ ಸಾಮಾನ್ಯವಾಗಿ ಕಾಣುವ ಸಂಗತಿಗಳನ್ನು ಜೋಡಿಸಿ ಕಟ್ಟಿದ ಪ್ರಕರಣ ಇದು. ಅವರ ಅಳತೆಗಳು, ವರದಿಗಳು ಕೂಡ ಹಾಗೇ ಕಟ್ಟಿದವು. ಅದರ ಹಿಂದಿರುವ ವೈದ್ಯಕೀಯ ವಿಷಯ ಮಾತ್ರ ಇದ್ದದ್ದು ಇದ್ದ ಹಾಗೇ ಇದೆ.

ಏನು ಹೋಯಿತು, ಏನು ಉಳಿಯಿತು

ಅವರಿಗಿದ್ದದ್ದು ಅನ್ನನಾಳದ ನಡುಭಾಗದ ಸ್ಕ್ವಾಮಸ್ ಕೋಶದ ಕ್ಯಾನ್ಸರ್, ಅಂದರೆ ಅನ್ನನಾಳದ ಸಹಜ ಒಳಪದರದ ಚಪ್ಪಟೆ ಕೋಶಗಳಿಂದ ಹುಟ್ಟುವಂಥದ್ದು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಮೊದಲು ವಾರಕ್ಕೊಂದರಂತೆ ಐದು ವಾರ ಕಾರ್ಬೋಪ್ಲಾಟಿನ್ ಮತ್ತು ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕೀಮೋ ಔಷಧಿ, ಜೊತೆಗೆ 23 ಸಲ ವಿಕಿರಣ, ಒಟ್ಟು 41.4 ಗ್ರೇ (ವಿಕಿರಣದ ಪ್ರಮಾಣ ಅಳೆಯುವ ಮಾನ). ನೆದರ್‌ಲ್ಯಾಂಡ್ಸ್‌ನ ಕ್ರಾಸ್ ಟ್ರಯಲ್‌ನ ಫಲಿತಾಂಶ 2012ರಲ್ಲಿ ಪ್ರಕಟವಾದ ಮೇಲೆ ಹಲವು ದೇಶಗಳಿಗೆ ಹರಡಿದ ಕ್ರಮ ಇದು. ಆಮೇಲೆ ಐವರ್ ಲೂಯಿಸ್ ಆಪರೇಷನ್. ಐವರ್ ಲೂಯಿಸ್ ಎಂಬ ಸರ್ಜನ್ 1946ರಲ್ಲಿ ವಿವರಿಸಿದ ದಾರಿ. ಮೊದಲು ಹೊಟ್ಟೆ ತೆರೆದು ಜಠರವನ್ನು ಬಿಡಿಸಿಕೊಳ್ಳುತ್ತಾರೆ. ಆಮೇಲೆ ಬಲ ಎದೆಯ ಕಡೆಯಿಂದ ಅನ್ನನಾಳ ತೆಗೆಯುತ್ತಾರೆ. ಜಠರವನ್ನು ಉದ್ದನೆಯ ಕೊಳವೆಯಾಗಿ ಕತ್ತರಿಸಿ ಎದೆಯೊಳಗೆ ಎಳೆದು, ಮೇಲೆ ಉಳಿದ ಅನ್ನನಾಳದ ತುಂಡಿಗೆ ಜೋಡಿಸುತ್ತಾರೆ.

ಆ ಮೇಲಿನ ತುಂಡೇ ಈ ಪ್ರಕರಣದ ಕೇಂದ್ರ.

ಆರೋಗ್ಯವಂತರಲ್ಲಿ ಜಠರದ ಆಸಿಡ್ ಮೇಲೆ ಬಾರದ ಹಾಗೆ ಹಲವು ತಡೆಗಳಿರುತ್ತವೆ. ಅನ್ನನಾಳದ ಕೆಳತುದಿಯಲ್ಲಿ ಬಿಗಿಯಾಗಿ ಮುಚ್ಚುವ ಸ್ನಾಯು ಇದೆ. ಅದರ ಸುತ್ತ ವಪೆಯ ಸ್ನಾಯುವಿನ ಹಿಡಿತ ಇದೆ. ಅನ್ನನಾಳ ಜಠರಕ್ಕೆ ಓರೆಯಾಗಿ ಸೇರುವುದರಿಂದ ಬರುವ ಕವಾಟದಂಥ ಮಡಿಕೆ ಇದೆ. ಈ ಆಪರೇಷನ್‌ನಲ್ಲಿ ಇಷ್ಟೂ ಹೋಗುತ್ತವೆ. ಒಂದನ್ನೂ ಉಳಿಸಲು ಆಗುವುದಿಲ್ಲ.

ಅಷ್ಟೇ ಆಗಿದ್ದರೆ ಒಂದು ಲೆಕ್ಕ. ಒತ್ತಡವೂ ತಿರುಗಿ ಬೀಳುತ್ತದೆ. ಉಸಿರು ಎಳೆದುಕೊಳ್ಳುವಾಗ ಎದೆಯೊಳಗಿನ ಒತ್ತಡ ಕುಸಿಯುತ್ತದೆ, ಹೊಟ್ಟೆಯ ಒತ್ತಡ ಏರುತ್ತದೆ. ಜಠರದ ಕೊಳವೆಯ ಹೆಚ್ಚಿನ ಭಾಗ ಎದೆಯಲ್ಲಿ, ಕೆಳತುದಿ ಹೊಟ್ಟೆಯಲ್ಲಿ. ಕೆಳಗಿನಿಂದ ಹಿಂಡಿದ ಟೂತ್‌ಪೇಸ್ಟ್ ಟ್ಯೂಬಿನ ಹಾಗೆ ಒಳಗಿರುವುದು ಪ್ರತಿ ಉಸಿರಿಗೂ ಮೇಲಕ್ಕೆ ತಳ್ಳಿಸಿಕೊಳ್ಳುತ್ತದೆ. ಮಲಗಿದರೆ ಗುರುತ್ವದ ಸಹಾಯವೂ ಇಲ್ಲ.

ಜಠರದ ಚಲನೆ ಮತ್ತು ಆಸಿಡ್ ಎರಡನ್ನೂ ನಡೆಸುವ ವೇಗಸ್ ನರಗಳನ್ನೂ ಕತ್ತರಿಸಬೇಕಾಗುತ್ತದೆ. ಜಠರ ಖಾಲಿಯಾಗುವುದು ನಿಧಾನವಾಗುತ್ತದೆ. ಜಠರದ ಕೆಳಬಾಗಿಲು, ಅಂದರೆ ಪೈಲೋರಸ್, ಸರಿಯಾಗಿ ಸಡಿಲವಾಗುವುದಿಲ್ಲ. ಅದಕ್ಕೇ ಕೆಲವು ಸರ್ಜನ್‌ಗಳು ಆಗಲೇ ಪೈಲೋರಸನ್ನು ಸೀಳಿ ಅಗಲ ಮಾಡಿಬಿಡುತ್ತಾರೆ. ಊಟ ಇಳಿಯಲು ಅದು ಒಳ್ಳೆಯದು. ಆದರೆ ತೆರೆದ ಬಾಗಿಲಿನಿಂದ ಪಿತ್ತರಸ ಮೇಲೆ ಬರುವುದೂ ಸಲೀಸಾಗುತ್ತದೆ.

ವೇಗಸ್ ಕತ್ತರಿಸಿದ ಮೇಲೆ ಆಸಿಡ್ ಉತ್ಪತ್ತಿ ನಿಂತೇ ಹೋಗುತ್ತದೆ ಎಂಬ ನಂಬಿಕೆ ಬಹಳ ಕಾಲ ಇತ್ತು. ಅದು ಪೂರ್ತಿ ನಿಜವಲ್ಲ. ಮೊದಮೊದಲು ಕಡಿಮೆಯಾಗುತ್ತದೆ, ಸರಿ. ಆದರೆ ಆಸಿಡ್ ಮಾಡುವ ಕೋಶಗಳು ಕೊಳವೆಯಲ್ಲೇ ಇವೆ. ಗ್ಯಾಸ್ಟ್ರಿನ್ ಹಾರ್ಮೋನ್ ಸುರಿಸುವ ಭಾಗವೂ ಕೆಳಗೆ ಉಳಿದಿರುತ್ತದೆ. ಕೆಲವು ವರ್ಷಗಳಲ್ಲಿ ಬಹಳ ಜನರಲ್ಲಿ ಆಸಿಡ್ ಮೊದಲಿನ ಮಟ್ಟಕ್ಕೆ ಹತ್ತಿರ ಬಂದುಬಿಡುತ್ತದೆ.

ನಮ್ಮ ರೋಗಿ ಆಸಿಡ್ ತಗ್ಗಿಸುವ ಮಾತ್ರೆಯನ್ನು ಒಂದೂವರೆ ವರ್ಷ ತೆಗೆದುಕೊಂಡು ಬಿಟ್ಟಿದ್ದರು. ಉರಿ ಇಲ್ಲ, ಸುಮ್ನೆ ಯಾಕೆ ಮಾತ್ರೆ ಅನ್ನುವುದು ಅವರ ವಾದ. ಕೇಳಲು ಸರಿಯಾಗಿಯೇ ಇದೆ ಅಲ್ವಾ? ಆದರೆ ಅವರು ಮಾತ್ರೆ ಬಿಟ್ಟದ್ದು ಆಸಿಡ್ ಮರಳಿ ಬರುವ ಹೊತ್ತಿಗೇ.

ದಿಂಬಿನ ಮೇಲಿನ ಕಲೆ

ಕೆಮ್ಮಿನ ಮೂಲ ಗೊತ್ತಾಗಲು ದಾರಿ ತೋರಿಸಿದ್ದು ಯಾವ ಪರೀಕ್ಷೆಯೂ ಅಲ್ಲ, ಅವರ ಹೆಂಡತಿಯ ಮಾತು.

"ಎರಡು ದಿನಕ್ಕೊಮ್ಮೆ ದಿಂಬಿನ ಕವರ್ ಬದಲಾಯಿಸ್ತೀನಿ ಡಾಕ್ಟ್ರೇ. ಹಳದಿ ಹಳದಿ ಕಲೆ."

"ಅದು ಜೊಲ್ಲು," ಅಂದರು ರೋಗಿ.

"ಜೊಲ್ಲು ಕಹಿ ವಾಸನೆ ಬರುತ್ತಾ?"

ಹಳದಿ ಬಣ್ಣ, ಕಹಿ. ಪಿತ್ತರಸ ಬಾಯಿಯ ತನಕ ಬರುತ್ತಿದೆ ಎಂದಾಯಿತು. ನಿದ್ದೆಯಲ್ಲಿ ಅದರ ಸ್ವಲ್ಪ ಪಾಲು ಶ್ವಾಸನಾಳಕ್ಕೂ ಇಳಿಯುತ್ತಿತ್ತು. ಬಲ ಶ್ವಾಸನಾಳ ಎಡದ್ದಕ್ಕಿಂತ ಅಗಲ, ಹೆಚ್ಚು ನೆಟ್ಟಗೆ. ಒಳಗೆ ಜಾರಿದ್ದು ಸಾಮಾನ್ಯವಾಗಿ ಆ ಕಡೆಗೇ ಹೋಗುತ್ತದೆ. ನ್ಯುಮೋನಿಯಾ ಎರಡು ಸಲವೂ ಬಲಗಡೆಯೇ ಆದದ್ದಕ್ಕೆ ಇದು ಹೊಂದುತ್ತದೆ.

ಇಷ್ಟಾದರೂ ಎದೆಯುರಿ ಯಾಕಿಲ್ಲ? ಉರಿಯ ಸಂದೇಶ ಹೊತ್ತೊಯ್ಯುವ ನರಗಳ ದೊಡ್ಡ ಪಾಲು ಆಪರೇಷನ್‌ನಲ್ಲಿ ಹೋಗಿದೆ. ಉರಿಯುವ ಜಾಗ ಎಂದು ನಮಗೆ ಪರಿಚಿತವಾದ ಕೆಳ ಅನ್ನನಾಳವೇ ಇಲ್ಲ. ಮೇಲಾಗಿ ಒಳಪದರ ಬದಲಾದ ಕಡೆ ಆಸಿಡ್ ತಾಗಿದರೂ ಅಷ್ಟಾಗಿ ಗೊತ್ತಾಗುವುದಿಲ್ಲ. ಹೀಗಾಗಿ ಇಂಥವರಲ್ಲಿ ಉರಿಯನ್ನು ಅಳತೆಗೋಲು ಮಾಡಿಕೊಳ್ಳುವುದು ಅಪಾಯ ಎಂದೇ ನನ್ನ ಅಭಿಪ್ರಾಯ. ಕೆಮ್ಮು, ಒಡೆದ ದನಿ, ಬಾಯಿ ಕಹಿ, ರಾತ್ರಿ ತಟ್ಟನೆ ಉಸಿರು ಕಟ್ಟಿ ಎಚ್ಚರವಾಗುವುದು: ಕೇಳಬೇಕಾದ್ದು ಇವನ್ನು. ರೋಗಿಯ ಪಕ್ಕ ಮಲಗುವವರನ್ನೂ ಕೇಳಬೇಕು.

ಎಂಡೋಸ್ಕೋಪಿ

ಸಿಟಿ ಸ್ಕ್ಯಾನ್‌ನಲ್ಲಿ ಕ್ಯಾನ್ಸರ್ ಮರಳಿದ ಗುರುತು ಇರಲಿಲ್ಲ. ಮನೆಯವರಿಗೆ ಅರ್ಧ ಸಮಾಧಾನ. ಮುಂದಿನದು ಎಂಡೋಸ್ಕೋಪಿ.

ಇವರಿಗೆ ಎರಡು ವರ್ಷ ಹಿಂದೆಯೂ ಒಮ್ಮೆ ಎಂಡೋಸ್ಕೋಪಿ ಆಗಿತ್ತು. ಆ ವರದಿಯಲ್ಲಿ "ಜೋಡಣೆಯ ಹತ್ತಿರದ ಬಯಾಪ್ಸಿಯಲ್ಲಿ ಕಾಲಮ್ನಾರ್ ಪದರ ಕಂಡಿದೆ" ಎಂದಿತ್ತು. ಕಾಲಮ್ನಾರ್ ಅಂದರೆ ಜಠರ, ಕರುಳಿನಲ್ಲಿರುವಂಥ ಕಂಬದಾಕಾರದ ಕೋಶಗಳ ಪದರ. ಜೋಡಣೆಯ ಮೇಲೋ ಕೆಳಗೋ, ಹಲ್ಲಿನಿಂದ ಎಷ್ಟು ಸೆಂಟಿಮೀಟರ್ ದೂರದಲ್ಲೋ, ಒಂದೂ ಬರೆದಿರಲಿಲ್ಲ. ಇದು ಸಣ್ಣ ಲೋಪ ಅಲ್ಲ. ಜೋಡಣೆಯ ಕೆಳಗಿರುವುದು ಜಠರ, ಅದರ ಒಳಪದರ ಇರಬೇಕಾದ್ದೇ ಹಾಗೆ. ಅದೇ ಪದರ ಜೋಡಣೆಯ ಮೇಲೆ ಕಂಡರೆ ಅದು ರೋಗ. ಒಂದು ಸೆಂಟಿಮೀಟರ್ ಆಚೀಚೆಯಾದರೆ ವರದಿಯ ಅರ್ಥವೇ ತಲೆಕೆಳಗಾಗುತ್ತದೆ. ಪೆಥಾಲಜಿಸ್ಟ್‌ಗೆ ಸೂಕ್ಷ್ಮದರ್ಶಕದಲ್ಲಿ ಕಾಣುವುದು ತುಣುಕು ಮಾತ್ರ, ಅದು ಎಲ್ಲಿಂದ ಬಂತು ಎನ್ನುವುದಲ್ಲ.

ಈ ಸಲ ಅಳತೆ ಹಿಡಿದೇ ನೋಡಲಾಯಿತು. ಜೋಡಣೆ ಮುಂದಿನ ಹಲ್ಲಿನಿಂದ 24 ಸೆಂಟಿಮೀಟರ್‌ನಲ್ಲಿತ್ತು. ಗಾಯ ಮಾಗಿದ ಬಿಳಿ ಗೆರೆ, ಒಂದೆರಡು ಕಡೆ ಲೋಹದ ಸ್ಟೇಪಲ್ ಇಣುಕುತ್ತಿದ್ದದ್ದು, ಇವೇ ಗುರುತು. ಅಲ್ಲಿ ದಾರಿ ಕಿರಿದಾಗಿತ್ತು, ಸ್ಕೋಪ್ ಒತ್ತಿದರೆ ಮಾತ್ರ ಹೋಗುತ್ತಿತ್ತು. ಆಹಾರ ನಿಲ್ಲುತ್ತಿದ್ದದ್ದು ಇದರಿಂದ. ಕೆಳಗೆ ಜಠರದ ಕೊಳವೆಯಲ್ಲಿ ಹಸಿರು ಮಿಶ್ರಿತ ಹಳದಿ ದ್ರವ ನಿಂತಿತ್ತು. ರಾತ್ರಿಯಿಂದ ಏನೂ ತಿನ್ನದಿದ್ದರೂ ಹಿಂದಿನ ದಿನದ ಆಹಾರದ ಚೂರುಗಳಿದ್ದವು. ಪೈಲೋರಸ್ ಬಿಗಿಯಾಗಿತ್ತು.

ಜೋಡಣೆಯ ಮೇಲೆ ಉಳಿದ ಅನ್ನನಾಳದಲ್ಲಿ ಕೆಂಪು ಗೀರುಗಳು, ಗಾಯದ ತೀವ್ರತೆಯನ್ನು ಎಯಿಂದ ಡಿ ತನಕ ಅಳೆಯುವ ಲಾಸ್ ಏಂಜಲಿಸ್ ವರ್ಗೀಕರಣದಲ್ಲಿ ಬಿ ದರ್ಜೆ. ಜೊತೆಗೆ ಸಾಲ್ಮನ್ ಬಣ್ಣ ಎಂದು ವೈದ್ಯರು ಕರೆಯುವ ಕಿತ್ತಳೆ ಮಿಶ್ರಿತ ಗುಲಾಬಿ ಪದರ. ಜೋಡಣೆಯಿಂದ ಒಂದು ಸೆಂಟಿಮೀಟರ್ ತನಕ ಸುತ್ತಲೂ ಇತ್ತು. ಅಲ್ಲಿಂದ ಎರಡು ನಾಲಿಗೆಗಳು ಮೇಲೆ ಚಾಚಿ 21 ಸೆಂಟಿಮೀಟರ್ ತನಕ ಹೋಗಿದ್ದವು. ಇಂಥ ಪದರದ ಉದ್ದ ಬರೆಯುವ ಪ್ರಾಗ್ ಅಳತೆಯಲ್ಲಿ ಸಿ1 ಎಂ3, ಅಂದರೆ ಸುತ್ತಲೂ ಒಂದು, ಗರಿಷ್ಠ ಮೂರು ಸೆಂಟಿಮೀಟರ್. ಆ ಅಳತೆ ಮಾಡಿದ್ದು ಸಹಜ ಅನ್ನನಾಳಕ್ಕೆ, ಅಲ್ಲಿ ಜಠರದ ಮಡಿಕೆಗಳ ಮೇಲ್ತುದಿಯಿಂದ ಎಣಿಸುತ್ತಾರೆ. ಇಲ್ಲಿ ಆ ಗುರುತೇ ಇಲ್ಲದ ಕಾರಣ ಜೋಡಣೆಯಿಂದ ಎಣಿಸಬೇಕು. ಹಾಗೆ ಎಣಿಸಿದ್ದೇವೆ ಎಂದು ವರದಿಯಲ್ಲಿ ಬರೆಯಲೂ ಬೇಕು.

20 ಸೆಂಟಿಮೀಟರ್‌ನಲ್ಲಿ ಇನ್ನೊಂದು ಪುಟ್ಟ ಗುಲಾಬಿ ದ್ವೀಪ. ನಾಲಿಗೆಗಳಿಗೂ ಅದಕ್ಕೂ ನಡುವೆ ಸಹಜವಾದ ಬಿಳಿ ಪದರ. ಈ ದ್ವೀಪ ಕುತೂಹಲದ್ದು. ಜೋಡಣೆಯ ಕೆಳಗಿನ ಜಠರದ ಪದರವೇ ಗಾಯ ಮಾಗುವಾಗ ಮೇಲೆ ತೆವಳಿ ಬರುತ್ತದೆ ಎಂಬುದು ಒಂದು ವಾದ. ಅನ್ನನಾಳದ ಸ್ವಂತ ಕೋಶಗಳೇ ಆಸಿಡ್ ಮತ್ತು ಪಿತ್ತದ ಪೆಟ್ಟಿಗೆ ರೂಪ ಬದಲಿಸುತ್ತವೆ ಎಂಬುದು ಇನ್ನೊಂದು. ನಡುವೆ ಸಂಪರ್ಕವಿಲ್ಲದ ದ್ವೀಪ ಕಂಡಾಗ ತೆವಳುವಿಕೆ ಒಂದರಿಂದಲೇ ಎಲ್ಲವನ್ನೂ ವಿವರಿಸುವುದು ಕಷ್ಟ.

ಬಯಾಪ್ಸಿ ತುಣುಕುಗಳನ್ನು ಬೇರೆ ಬೇರೆ ಬಾಟಲಿಗೆ ಹಾಕಲಾಯಿತು. 20, 21, 22, 23, ಜೋಡಣೆಯ ಅಂಚು, ಜೋಡಣೆಯ ಕೆಳಗೆ. ಪ್ರತಿ ಬಾಟಲಿಯ ಮೇಲೂ ಅಳತೆ.

ವರದಿ ಮತ್ತು ಅದರ ಅರ್ಥ

ಮೊದಲ ಸುದ್ದಿ ಒಳ್ಳೆಯದು. ಕ್ಯಾನ್ಸರ್ ಇಲ್ಲ. ಜೋಡಣೆಯ ಅಂಚಿನಲ್ಲಿ ಬರೀ ಗಾಯದ ನಾರು. ನಾಲಿಗೆ ಮತ್ತು ದ್ವೀಪದಲ್ಲಿ ಕಂಡದ್ದು ಕಾರ್ಡಿಯಾ ಬಗೆಯ, ಅಂದರೆ ಜಠರದ ಮೇಲ್ತುದಿಯಲ್ಲಿರುವಂಥ ಕಾಲಮ್ನಾರ್ ಪದರ, ಉರಿಯೂತದ ಜೊತೆ. ಕರುಳಿನ ಲಕ್ಷಣವಾದ ಗಾಬ್ಲೆಟ್ ಕೋಶಗಳು ಇರಲಿಲ್ಲ. ಆಲ್ಶಿಯನ್ ಬ್ಲೂ ಬಣ್ಣ ಹಾಕಿ ನೋಡಿದರೂ ಸಿಗಲಿಲ್ಲ.

ಅನ್ನನಾಳದ ಒಳಪದರ ಹೀಗೆ ಕಾಲಮ್ನಾರ್ ಆಗಿ ಬದಲಾಗಿ, ಮುಂದೆ ಕ್ಯಾನ್ಸರ್‌ನ ಅಪಾಯ ಹೆಚ್ಚಿಸುವ ಸ್ಥಿತಿಗೆ ಬ್ಯಾರೆಟ್ ಅನ್ನನಾಳ ಎಂದು ಹೆಸರು. ಹಾಗಾದರೆ ಇದನ್ನು ಬ್ಯಾರೆಟ್ ಅನ್ನನಾಳ ಅನ್ನಬೇಕಾ? ಯಾವ ದೇಶದ ಮಾರ್ಗಸೂಚಿ ಹಿಡಿಯುತ್ತೀರಿ ಎನ್ನುವುದರ ಮೇಲಿದೆ. ಅಮೆರಿಕದವರಿಗೆ ಗಾಬ್ಲೆಟ್ ಕೋಶ ಬೇಕೇ ಬೇಕು. ಬ್ರಿಟನ್‌ನವರಿಗೆ ಕಣ್ಣಿಗೆ ಕಾಣುವ ಕನಿಷ್ಠ ಒಂದು ಸೆಂಟಿಮೀಟರ್ ಕಾಲಮ್ನಾರ್ ಪದರ ಇದ್ದು, ಬಯಾಪ್ಸಿ ಅದನ್ನು ಒಪ್ಪಿದರೆ ಸಾಕು. ಅವರಲ್ಲೂ ಗಾಬ್ಲೆಟ್ ಕೋಶ ಇದ್ದರೆ ಅಪಾಯ ಜಾಸ್ತಿ ಎಂದೇ ಲೆಕ್ಕ. ಎರಡೂ ಕಡೆಯ ನಿಯಮಗಳು ಅನ್ನನಾಳ ಪೂರ್ತಿ ಇರುವವರನ್ನು ಮನಸ್ಸಿನಲ್ಲಿಟ್ಟು ಬರೆದವು. ಆಪರೇಷನ್ ಆದವರಿಗೆ ಇವನ್ನು ಎರವಲು ತಂದು ಬಳಸುತ್ತೇವೆ.

ಈ ಪದರದ ಇತಿಹಾಸದಲ್ಲೂ ಗೊಂದಲವೇ ಮೊದಲು ಬಂದದ್ದು. ಬ್ರಿಟನ್‌ನ ಸರ್ಜನ್ ನಾರ್ಮನ್ ಬ್ಯಾರೆಟ್ 1950ರಲ್ಲಿ ಬರೆದಾಗ, ಹುಟ್ಟಿನಿಂದಲೇ ಅನ್ನನಾಳ ಗಿಡ್ಡ ಇರುವವರಲ್ಲಿ ಎದೆಯೊಳಗೆ ಎಳೆದುಕೊಂಡ ಜಠರ ಇದು ಎಂದಿದ್ದರು. ಅಲ್ಲ, ಇದು ಅನ್ನನಾಳವೇ, ಒಳಪದರ ಮಾತ್ರ ಬೇರೆ ಎಂದು 1953ರಲ್ಲಿ ಆಲಿಸನ್ ಮತ್ತು ಜಾನ್‌ಸ್ಟೋನ್ ತೋರಿಸಿದರು. 1957ರಲ್ಲಿ ಬ್ಯಾರೆಟ್ ಅದನ್ನು ಒಪ್ಪಿಕೊಂಡರು. ಹುಟ್ಟಿನಿಂದ ಬಂದದ್ದಾ, ಆಮೇಲೆ ಬಂದದ್ದಾ ಎಂಬ ಚರ್ಚೆ ಮಾತ್ರ ನಿಲ್ಲಲಿಲ್ಲ.

ಆ ಚರ್ಚೆಗೆ ಉತ್ತರ ಹೇಳಲು ಅನ್ನನಾಳ ತೆಗೆಸಿಕೊಂಡ ರೋಗಿಗಳಷ್ಟು ಸ್ಪಷ್ಟ ಸಾಕ್ಷಿ ಬೇರೆ ಇಲ್ಲ. ಸಾಮಾನ್ಯ ಬ್ಯಾರೆಟ್ ರೋಗಿಯಲ್ಲಿ ಬದಲಾವಣೆ ಯಾವಾಗ ಶುರುವಾಯಿತು ಎಂದು ಯಾರಿಗೂ ಹೇಳಲಾಗುವುದಿಲ್ಲ. ಇಲ್ಲಿ ತಾರೀಖು ಸಮೇತ ಗೊತ್ತು. ನಮ್ಮ ರೋಗಿಯ ಆಪರೇಷನ್‌ನಲ್ಲಿ ತೆಗೆದ ತುಂಡಿನ ಮೇಲಂಚನ್ನು ಆಗಲೇ ಪರೀಕ್ಷೆ ಮಾಡಿದ್ದರು. ಅಲ್ಲಿದ್ದದ್ದು ಶುದ್ಧ ಸ್ಕ್ವಾಮಸ್ ಪದರ. ಅವರ ಕ್ಯಾನ್ಸರ್ ಕೂಡ ಸ್ಕ್ವಾಮಸ್ ಬಗೆಯದು, ಅಂದರೆ ಬ್ಯಾರೆಟ್ ಪದರದಿಂದ ಹುಟ್ಟಿದ್ದಲ್ಲ. ಆದ್ದರಿಂದ ಈಗ ಕಾಣುವ ಗುಲಾಬಿ ನಾಲಿಗೆಗಳು ಹಳೆಯ ರೋಗದ ಉಳಿಕೆಯಲ್ಲ, ಈ ನಾಲ್ಕು ವರ್ಷಗಳ ರಿಫ್ಲಕ್ಸ್, ಅಂದರೆ ಆಸಿಡ್, ಪಿತ್ತ ಮೇಲೆ ಬರುವುದು, ಮಾಡಿದ ಕೆಲಸ.

ಇದು ಅಪರೂಪವೂ ಅಲ್ಲ. ವರ್ಷಗಟ್ಟಲೆ ಹಿಂಬಾಲಿಸಿ ಎಂಡೋಸ್ಕೋಪಿ ಮಾಡಿದ ಕೆಲವು ಅಧ್ಯಯನಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ರೋಗಿಗಳ ಉಳಿದ ಅನ್ನನಾಳದಲ್ಲಿ ಕಾಲಮ್ನಾರ್ ಪದರ ಕಂಡಿದೆ. ಸಾಮಾನ್ಯವಾಗಿ ಮೊದಲು ಕಾರ್ಡಿಯಾ ಬಗೆ, ಇನ್ನೂ ಸಮಯ ಕಳೆದ ಮೇಲೆ ಕೆಲವರಲ್ಲಿ ಗಾಬ್ಲೆಟ್ ಕೋಶಗಳು. ಕರುಳಿನ ಕೋಶ ರೂಪಿಸುವ ಸಿಡಿಎಕ್ಸ್2 ಎಂಬ ಜೀನ್ ಅನ್ನನಾಳದಲ್ಲಿ ಮಲಗಿರಬೇಕಾದ್ದು, ಈ ಹಂತದಲ್ಲಿ ಎದ್ದಿರುತ್ತದೆ. ಆಸಿಡ್ ಒಂದೇ, ಪಿತ್ತ ಒಂದೇ ಮಾಡುವುದಕ್ಕಿಂತ ಎರಡೂ ಸೇರಿ ಮಾಡುವ ಹಾನಿ ಹೆಚ್ಚು.

ಏನು ಮಾಡಿದರು

24 ಗಂಟೆಯ ಪಿಎಚ್ ಮತ್ತು ಇಂಪೀಡೆನ್ಸ್ ಪರೀಕ್ಷೆ ಮಾಡಿದರು. ಮೇಲೆ ಬರುವ ದ್ರವವನ್ನು, ಅದು ಆಸಿಡ್ ಆಗಿರಲಿ ಬಿಡಲಿ, ಅಳೆಯುವ ಪರೀಕ್ಷೆ ಇದು. ಪಿಎಚ್ 4ಕ್ಕಿಂತ ಕೆಳಗಿರುವ ಸಮಯ ಒಟ್ಟು ಸಮಯದ ಶೇ. 6 ದಾಟಿದರೆ ಅಸಹಜ. ಇವರದು ಶೇ. 19 ಇತ್ತು, ಹೆಚ್ಚಿನದು ಮಲಗಿದ ಮೇಲೆ. ಆಸಿಡ್ ಅಲ್ಲದ ದ್ರವ ಮೇಲೆ ಬಂದದ್ದೂ ಹಲವು ಸಲ ದಾಖಲಾಯಿತು.

ಮಾಮೂಲಿ ರಿಫ್ಲಕ್ಸ್‌ಗೆ ಮಾಡುವ ಫಂಡೋಪ್ಲಿಕೇಷನ್ ಆಪರೇಷನ್ ಇವರಿಗೆ ಆಗುವ ಮಾತಲ್ಲ. ಸುತ್ತಿ ಬಿಗಿ ಮಾಡಲು ಅನ್ನನಾಳದ ಕೆಳತುದಿಯೂ ಇಲ್ಲ, ಸುತ್ತಲು ಸಡಿಲವಾದ ಜಠರವೂ ಇಲ್ಲ. ಉಳಿದದ್ದು ಔಷಧಿ, ಮಲಗುವ ಭಂಗಿ, ಮತ್ತು ಕೊಳವೆ ಬೇಗ ಖಾಲಿಯಾಗುವಂತೆ ನೋಡಿಕೊಳ್ಳುವುದು.

ಇಸೊಮೆಪ್ರಜೋಲ್ 40 ಮಿಲಿಗ್ರಾಂ ದಿನಕ್ಕೆ ಎರಡು ಸಲ, ಊಟಕ್ಕೆ ಅರ್ಧ ಗಂಟೆ ಮೊದಲು. ಈ ಸಮಯಕ್ಕೆ ಕಾರಣ ಇದೆ. ಈ ಮಾತ್ರೆ ಕೆಲಸ ಮಾಡುತ್ತಿರುವ ಆಸಿಡ್ ಪಂಪನ್ನು ಮಾತ್ರ ಕಟ್ಟಿಹಾಕಬಲ್ಲದು, ಪಂಪುಗಳು ಎಚ್ಚರವಾಗುವುದು ಊಟ ಬಿದ್ದಾಗ. ಮಲಗುವಾಗ ನುಂಗಿದರೆ ಮಾತ್ರೆ ಅರ್ಧ ವ್ಯರ್ಥ. ಊಟದ ನಂತರ ಮತ್ತು ಮಲಗುವ ಮೊದಲು, ಜಠರದಲ್ಲಿರುವುದರ ಮೇಲೆ ತೇಲುವ ಪದರ ಕಟ್ಟುವ ಆಲ್ಜಿನೇಟ್ ದ್ರವ.

ಮಾತ್ರೆಗೆ ಮಿತಿ ಇದೆ ಎನ್ನುವುದನ್ನು ಮೊದಲ ದಿನವೇ ಹೇಳಿದ್ದು ಒಳ್ಳೆಯದಾಯಿತು. ಅದು ದ್ರವದ ಹುಳಿ ತೆಗೆಯುತ್ತದೆ, ಪ್ರಮಾಣವನ್ನೂ ಸ್ವಲ್ಪ ಇಳಿಸುತ್ತದೆ. ಆದರೆ ಮೇಲೆ ಬರುವುದನ್ನು ನಿಲ್ಲಿಸುವುದಿಲ್ಲ, ಪಿತ್ತಕ್ಕೆ ಏನೂ ಮಾಡುವುದಿಲ್ಲ. ಶ್ವಾಸಕೋಶಕ್ಕೆ ಇಳಿಯುವುದನ್ನು ತಡೆಯುವುದು ಭಂಗಿಯೇ. ಇವರು ಮೂರು ದಿಂಬು ಇಟ್ಟುಕೊಂಡು ಮಲಗುತ್ತಿದ್ದರು. ಅದರಿಂದ ಕತ್ತು ಮಾತ್ರ ಬಾಗುತ್ತದೆ, ಹೊಟ್ಟೆ ಇನ್ನಷ್ಟು ಹಿಂಡಿಸಿಕೊಳ್ಳುತ್ತದೆ. ಸೊಂಟದಿಂದಲೇ ಏರುವ ಇಳಿಜಾರು ಬೇಕು. ಮಂಚದ ತಲೆಕಡೆಯ ಕಾಲುಗಳ ಕೆಳಗೆ 15ರಿಂದ 20 ಸೆಂಟಿಮೀಟರ್ ಎತ್ತರ ಕೊಟ್ಟರೂ ಆಗುತ್ತದೆ, ಬೆನ್ನಿಗೆ ಅಗಲವಾದ ಇಳಿಜಾರು ಫೋಮ್ ಹಾಕಿದರೂ ಆಗುತ್ತದೆ. ಎರಡನೆಯದು ಇವರಿಗೆ ಒಗ್ಗಿತು, ಕೆಳಗೆ ಜಾರದಂತೆ ಮಂಡಿಯ ಕೆಳಗೊಂದು ದಿಂಬು. ರಾತ್ರಿ ಊಟಕ್ಕೂ ಮಲಗುವುದಕ್ಕೂ ಮೂರು ಗಂಟೆ ಅಂತರ. ದಿನಕ್ಕೆ ಆರು ಸಣ್ಣ ಊಟ. ಊಟದ ಜೊತೆ ಜಾಸ್ತಿ ನೀರು ಬೇಡ.

ಕಿರಿದಾದ ಜೋಡಣೆಯನ್ನು ಬಲೂನಿನಿಂದ ಹಂತಹಂತವಾಗಿ ಅಗಲಿಸಿದರು. ಅದರಲ್ಲಿ ಹೇಳುವಂಥದ್ದೇನಿಲ್ಲ, ಊಟ ಇಳಿಯತೊಡಗಿತು.

ಪೈಲೋರಸ್ ವಿಷಯದಲ್ಲಿ ಮಾತ್ರ ತಂಡದೊಳಗೇ ಭಿನ್ನಾಭಿಪ್ರಾಯ ಬಂತು. ಬಲೂನಿನಿಂದ ಅಗಲಿಸಿದರೆ ಕೊಳವೆ ಬೇಗ ಖಾಲಿಯಾಗುತ್ತದೆ, ಮೇಲೆ ಬರಲು ದ್ರವವೇ ಕಡಿಮೆ. ಆದರೆ ಪಿತ್ತಕ್ಕೆ ದಾರಿ ಇನ್ನೂ ಸಲೀಸಾದರೆ? ಹಿಂದಿನ ದಿನದ ಆಹಾರ ನಿಂತಿದ್ದದ್ದು ನಿರ್ಧಾರಕ್ಕೆ ಕಾರಣವಾಯಿತು. ಬಿಗಿಯಾದ ಬಾಗಿಲು ಪಿತ್ತವನ್ನು ತಡೆಯುತ್ತಿರಲಿಲ್ಲ, ದಿಂಬಿನ ಕಲೆಯೇ ಅದಕ್ಕೆ ಸಾಕ್ಷಿ. ಬಂದ ಪಿತ್ತವನ್ನು ಒಳಗೇ ಹಿಡಿದಿಟ್ಟಿತ್ತು ಅಷ್ಟೇ. ಅಗಲಿಸಿದರು. ಸರಿಯಾದ ನಿರ್ಧಾರ ಎಂದೇ ನನಗನ್ನಿಸುತ್ತದೆ. ಕೆಲವು ವಾರ ಎರಿತ್ರೋಮೈಸಿನ್ ಸಣ್ಣ ಪ್ರಮಾಣದಲ್ಲಿ ಕೊಟ್ಟರು. ಇದು ಆ್ಯಂಟಿಬಯಾಟಿಕ್ಕೇ, ಆದರೆ ಮೋಟಿಲಿನ್ ಹಾರ್ಮೋನ್ ಕೆಲಸವನ್ನು ಅನುಕರಿಸಿ ಜಠರವನ್ನು ಚುರುಕು ಮಾಡುತ್ತದೆ. ಹೃದಯದ ಲಯ ಏರುಪೇರಾಗುವ ಸಾಧ್ಯತೆ ಇರುವುದರಿಂದ ಮೊದಲು ಇಸಿಜಿ ತೆಗೆದರು.

ಇಷ್ಟಕ್ಕೂ ಬಗ್ಗದಿದ್ದರೆ ಉಳಿಯುವುದು ರೂ-ಎನ್-ವೈ ಜೋಡಣೆ. ಪಿತ್ತ ಜಠರದ ಕೊಳವೆಗೆ ಬಾರದಂತೆ ಕರುಳಿನ ದಾರಿಯನ್ನೇ ತಿರುಗಿಸುವ ಆಪರೇಷನ್ ಅದು. ಇವರಿಗೆ ಬೇಕಾಗಲಿಲ್ಲ.

ಆಮೇಲೆ

ಮೂರು ತಿಂಗಳಿಗೆ ರಾತ್ರಿಯ ಕೆಮ್ಮು ಹೆಚ್ಚುಕಡಿಮೆ ನಿಂತಿತ್ತು. ದಿಂಬು ಸ್ವಚ್ಛ. ಎಂಡೋಸ್ಕೋಪಿಯಲ್ಲಿ ಕೆಂಪು ಗೀರುಗಳು ಮಾಗಿದ್ದವು. ಗುಲಾಬಿ ನಾಲಿಗೆಗಳು ಮಾತ್ರ ಇದ್ದಲ್ಲೇ ಇದ್ದವು. ಅದು ನಿರೀಕ್ಷಿಸಿದ್ದೇ. ಗಾಯ ಮಾತ್ರೆಗೆ ಮಾಗುತ್ತದೆ, ಬದಲಾದ ಪದರ ಸಾಮಾನ್ಯವಾಗಿ ಹಿಂದಕ್ಕೆ ಹೋಗುವುದಿಲ್ಲ.

ಒಂದೂವರೆ ವರ್ಷದ ನಂತರದ ಬಯಾಪ್ಸಿಯಲ್ಲಿ 22 ಸೆಂಟಿಮೀಟರ್‌ನ ತುಣುಕಿನಲ್ಲಿ ಗಾಬ್ಲೆಟ್ ಕೋಶಗಳು ಕಂಡವು. ಡಿಸ್‌ಪ್ಲೇಸಿಯಾ, ಅಂದರೆ ಕ್ಯಾನ್ಸರ್‌ಗೆ ಮುಂಚಿನ ಕೋಶ ಬದಲಾವಣೆ, ಇರಲಿಲ್ಲ.

"ಮಾತ್ರೆ ತಪ್ಪಿಸದೆ ತಗೊಂಡೆ. ಆದರೂ ಮುಂದೆ ಹೋಯ್ತಲ್ವಾ?" ಎಂದು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಆಸಿಡ್ ತಗ್ಗಿದೆ, ಪಿತ್ತ ಪೂರ್ತಿ ನಿಂತಿಲ್ಲ. ಮಾತ್ರೆ ಮತ್ತೆ ಶುರು ಮಾಡುವ ಮುನ್ನ ಎಷ್ಟು ಬದಲಾವಣೆ ಬೇರೂರಿತ್ತು ಎಂಬುದೂ ಇದೆ. ಮೊದಲ ಸಲ ತೆಗೆದ ತುಣುಕುಗಳ ಪಕ್ಕದಲ್ಲೇ ಗಾಬ್ಲೆಟ್ ಕೋಶ ಆಗಲೂ ಇದ್ದು, ಸಿಗದೆ ಹೋಗಿರಬಹುದು. ಬಯಾಪ್ಸಿ ಹಿಡಿಯುವುದು ಅಲ್ಲೊಂದು ಇಲ್ಲೊಂದು ಚೂರನ್ನು ಮಾತ್ರ.

ರೇಡಿಯೋ ತರಂಗದಿಂದ ಸುಟ್ಟುಬಿಡೋಣವೇ ಎಂಬ ಪ್ರಶ್ನೆಯೂ ಬಂತು. ಬೇಡ ಎಂದಾಯಿತು. ಸಾಮಾನ್ಯ ಬ್ಯಾರೆಟ್‌ನಲ್ಲಿ ಡಿಸ್‌ಪ್ಲೇಸಿಯಾ ಇಲ್ಲದವರಿಗೆ ಕ್ಯಾನ್ಸರ್ ಬರುವ ಸಾಧ್ಯತೆ ವರ್ಷಕ್ಕೆ ಶೇ. 1ಕ್ಕಿಂತ ಕಡಿಮೆ. ಅಂಥವರಿಗೇ ಸುಡುವುದಿಲ್ಲ. ಇವರ ಅಂಗಾಂಶ ವಿಕಿರಣ ಕಂಡದ್ದು, ಒಮ್ಮೆ ಕಿರಿದಾಗಿದ್ದು. ಸುಟ್ಟರೆ ಮತ್ತೆ ಕಿರಿದಾಗುವ ಅಪಾಯ ಕಣ್ಣೆದುರೇ ಇದೆ. ಡಿಸ್‌ಪ್ಲೇಸಿಯಾ ಬಂದರೆ ಆ ಲೆಕ್ಕ ಬೇರೆ. ಆಗಲೂ ಎರಡನೇ ಪೆಥಾಲಜಿಸ್ಟ್ ನೋಡಿ ಒಪ್ಪಬೇಕು, ಯಾಕೆಂದರೆ ಉರಿಯೂತ ಇರುವ ಪದರ ಡಿಸ್‌ಪ್ಲೇಸಿಯಾದಂತೆಯೇ ಕಾಣಬಲ್ಲದು. ಅದಕ್ಕಾಗಿ ಮಾತ್ರೆ ನಡೆಯುತ್ತಿರುವಾಗಲೇ ಬಯಾಪ್ಸಿ ತೆಗೆಯುವುದು ಒಳ್ಳೆಯದು.

ಈ ನಡುವೆ ರಕ್ತ ಪರೀಕ್ಷೆಯಲ್ಲಿ ಬಿ12 ಕಡಿಮೆ ಬಂತು. ಬಿ12 ಹೀರಿಕೊಳ್ಳಲು ಬೇಕಾದ ಅಂಶವನ್ನು ಜಠರದ ಕೋಶಗಳೇ ಮಾಡಬೇಕು, ಆ ಜಠರ ಈಗ ಕಿರಿದಾದ ಕೊಳವೆ. ಮೇಲಿಂದ ಆಸಿಡ್ ತಗ್ಗಿಸುವ ಮಾತ್ರೆ. ಇಂಜೆಕ್ಷನ್ ಶುರು ಮಾಡಿದರು, ಕಬ್ಬಿಣದ ಅಂಶವನ್ನೂ ನೋಡುತ್ತಿರಲು ಬರೆದರು.

ಮುಂದಿನ ಎಂಡೋಸ್ಕೋಪಿಗೆ ಎಷ್ಟು ಅಂತರ ಇರಬೇಕು ಎಂಬುದಕ್ಕೆ ಇಂಥ ರೋಗಿಗಳಿಗೆಂದೇ ಗಟ್ಟಿಯಾದ ನಿಯಮ ಇಲ್ಲ. ಇವರಿಗೆ ಎರಡು ವರ್ಷ ಎಂದು ತೀರ್ಮಾನವಾಯಿತು, ನುಂಗಲು ಕಷ್ಟವಾದರೆ ಅಥವಾ ಕೆಮ್ಮು ಮರಳಿದರೆ ಅದಕ್ಕೂ ಮೊದಲು. ಮಾತ್ರೆ ನಿಲ್ಲಿಸುವಂತಿಲ್ಲ. ಫೈಲಿನ ಮೊದಲ ಪುಟದಲ್ಲಿ ಮುಂದೆ ನೋಡುವವರಿಗಾಗಿ ಹೀಗೆ ಬರೆದಿಟ್ಟರು: ಜೋಡಣೆ 24 ಸೆಂ.ಮೀ., ನಾಲಿಗೆ 21ರ ತನಕ, ದ್ವೀಪ 20ರಲ್ಲಿ, ಗಾಬ್ಲೆಟ್ ಕೋಶ 22ರಲ್ಲಿ. ಎದೆಯುರಿ ಇಲ್ಲ ಎಂಬ ಕಾರಣಕ್ಕೆ ಎಂಡೋಸ್ಕೋಪಿ ಮುಂದೂಡಬೇಡಿ.